ಅಕ್ಕೂರಿನ ಇಪ್ಪತ್ನಾಲ್ಕು ಅಂಕ ದುಃಖ

ಚನ್ನಪಟ್ಟಣ ತಾಲ್ಲೂಕು ಅಕ್ಕೂರು ಗ್ರಾಮದ ಲತಾಮಣಿ ಕೋಂ ಸ್ವಾಮಿ, ವಯಸ್ಸು ಇಪ್ಪತ್ತಾರು, ಕಳೆದ ಆಗಸ್ಟ್ ತಿಂಗಳ ಎರಡನೇ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಸುಮಾರಿಗೆ ಪೂರ್ವಾನುಮತಿ ಪಡೆಯದೆ ನಕ್ಕರು.

ಕಡತದಲ್ಲಿ ಹೀಗೇ ಇದೆ. ಕಡತಕ್ಕೆ ಆಕೆ 'ನಕ್ಕರು'. ನಾನು 'ನಕ್ಕಳು' ಅನ್ನುತ್ತೇನೆ, ನನ್ನ ಕೊನೆಯ ತಂಗಿಯ ವಯಸ್ಸು ಅವಳದು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ, ಒಂದು ಮಹಡಿಯ ಮೇಲೆ, ಕುಟುಂಬ ಮನೋಸ್ವಾಸ್ಥ್ಯ ವಿಮರ್ಶಾತ್ಮಕ ಸಂಶೋಧನಾ ಕೇಂದ್ರವಿದೆ. ಅಲ್ಲಿಗೆ ಬರುವ, ಅಲ್ಲಿಂದ ಹೋಗುವ ಕಾಗದಗಳಿಗೆ ನಂಬರು ಹಾಕುವುದು ನನ್ನ ಕೆಲಸ. ಆದ್ದರಿಂದ ನಾನು ಹೇಳುವುದರಲ್ಲಿ ನಂಬರಿಲ್ಲದ ಮಾತು ಕಡಿಮೆ.

ನಮ್ಮ ನಿರ್ದೇಶಕರಾದ ಡಾ. ಕೆಂಪಯ್ಯನವರು ಮೊದಲು ಬರೀ ಸಂಶೋಧಕರಾಗಿದ್ದರು. ಒಂದು ಮೂರು ದಿನದ ಕಮ್ಮಟಕ್ಕೆ ಹೋಗಿ ಬಂದ ಮೇಲೆ ವಿಮರ್ಶಾತ್ಮಕ ಸಂಶೋಧಕರಾದರು. ಬಾಣಂತಿಗೆ ದುಃಖವಾದರೆ ಅವಳನ್ನೇ ಕೂರಿಸಿ ಕೇಳುವುದು, ಅವಳಿಗೇ ಮಾತ್ರೆ ಕೊಡುವುದು, ಕೊನೆಗೆ ತಪ್ಪನ್ನೂ ಅವಳ ತಲೆಗೇ ಕಟ್ಟುವುದು ಹಳೇ ಪದ್ಧತಿ. ಮನೆಯಲ್ಲಿ ಯಾರು ಎಷ್ಟು ದುಡಿಯುತ್ತಾರೆ, ಯಾರು ಯಾರನ್ನು ಮಾತಾಡಿಸುತ್ತಾರೆ, ಪ್ರಶ್ನೆ ಕೇಳಲು ನಾವು ಯಾರು, ಎಲ್ಲವನ್ನೂ ವಿಚಾರಿಸಬೇಕು ಎಂಬುದು ಹೊಸ ಪದ್ಧತಿ. ಮಾತು ನ್ಯಾಯವಾಗಿಯೇ ಇತ್ತು. ಆದ್ದರಿಂದ ಅದಕ್ಕೆ ನೂರ ಹನ್ನೆರಡು ಪುಟದ ಕೈಪಿಡಿಯೊಂದನ್ನು ಬರೆಯಲಾಯಿತು.

ಕೈಪಿಡಿಯ ಪ್ರಕಾರ ಚೀಟಿ ಎತ್ತಿ ಹಳ್ಳಿಗಳನ್ನು ಎರಡು ಪಾಲು ಮಾಡಿದೆವು. ಒಂದು ಸಹಾಯ ಗುಂಪು, ಇನ್ನೊಂದು ನೋಡುವ ಗುಂಪು. ಸಹಾಯ ಗುಂಪಿನ ಮನೆಗಳಿಗೆ ಆಪ್ತಸಮಾಲೋಚಕರು ಹೋಗಿ ಧೈರ್ಯ ಹೇಳತಕ್ಕದ್ದು. ನೋಡುವ ಗುಂಪಿನ ಮನೆಗಳಿಗೆ ಕ್ಷೇತ್ರ ಸಹಾಯಕಿ ವಾರಕ್ಕೊಮ್ಮೆ ಹೋಗಿ ಹತ್ತು ಪ್ರಶ್ನೆ ಕೇಳಿ, ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕಿ, ಮುಖದಲ್ಲಿ ಏನನ್ನೂ ತೋರಿಸದೆ ಎದ್ದು ಬರತಕ್ಕದ್ದು. ಮೂವತ್ತಕ್ಕೆ ಮೂವತ್ತು ಬಂದವರು ಅತೀವ ದುಃಖಿಗಳು. ಹದಿನೆಂಟು ತಿಂಗಳಾದ ಮೇಲೆ ಎರಡೂ ಗುಂಪನ್ನು ಹೋಲಿಸಿ ನೋಡುವುದು. ಆಪ್ತಸಮಾಲೋಚಕರ ಹುದ್ದೆಗೆ ಇನ್ನೂ ಯಾರನ್ನೂ ನೇಮಿಸಿಲ್ಲವಾದ್ದರಿಂದ ಸದ್ಯಕ್ಕೆ ಸಹಾಯ ಗುಂಪಿನ ಹಳ್ಳಿಗಳಲ್ಲಿ ಒಂದೊಂದು ಬೋರ್ಡು ನೆಟ್ಟಿದ್ದೇವೆ.

ಅಕ್ಕೂರು ನೋಡುವ ಗುಂಪಿಗೆ ಬಿತ್ತು.

ಲತಾಮಣಿಗೆ ಜನವರಿಯಲ್ಲಿ ಗಂಡುಮಗುವಾಗಿತ್ತು. ತವರಿನಲ್ಲಿ ಬಾಣಂತನ ಮುಗಿಸಿ ಅಕ್ಕೂರಿಗೆ ಬಂದವಳಿಗೆ ಏನೋ ಆಯಿತು. ರೇಷ್ಮೆಹುಳಕ್ಕೆ ಸೊಪ್ಪು ಹಾಕಲು ಹೋದರೆ ಸೊಪ್ಪು ಹಿಡಿದುಕೊಂಡೇ ನಿಂತಿರುತ್ತಿದ್ದಳು. ಅನ್ನಕ್ಕೆ ನೀರಿಟ್ಟು ಅಕ್ಕಿ ಹಾಕುವುದನ್ನು ಮರೆಯುತ್ತಿದ್ದಳು. ತಲೆ ಬಾಚುವುದು ಬಿಟ್ಟಳು. ಗಂಡ ಸ್ವಾಮಿ ಇದು ಗ್ಯಾಸ್ ಎಂದ. ಅತ್ತೆ ವೆಂಕಟಲಕ್ಷ್ಮಮ್ಮ ದೃಷ್ಟಿ ಎಂದರು. ಗ್ಯಾಸಿಗೆ ಜೀರಿಗೆ ಕಷಾಯವಾಯಿತು, ದೃಷ್ಟಿಗೆ ಮೆಣಸಿನಕಾಯಿ ಸುಟ್ಟದ್ದಾಯಿತು. ಮನೆಮಂದಿಗೆಲ್ಲ ಕೆಮ್ಮು ಬಂತು, ಲತಾಮಣಿ ಹಾಗೇ ಇದ್ದಳು.

ಅಕ್ಕೂರಿಗೆ ನಾವು ಕಳುಹಿಸಿದ ಕ್ಷೇತ್ರ ಸಹಾಯಕಿ ಭಾನುಪ್ರಿಯ, ಸೋಲೂರಿನ ಕಡೆಯವಳು. ಎಂಎಸ್‌ಡಬ್ಲ್ಯೂ ಓದಿದ್ದಾಳೆ, ಗುತ್ತಿಗೆ ಮೇಲೆ ಕೆಲಸ. ಮೊದಲ ಗುರುವಾರ ಲತಾಮಣಿಯ ಅಂಕ ಇಪ್ಪತ್ನಾಲ್ಕು ಎಂದು ಬರೆದುಕೊಂಡು ಬಂದಳು. ನಿರ್ದೇಶಕರು ಫಾರಂ ನೋಡಿ, "ತುಂಬಾ ಒಳ್ಳೇ ಅಂಕ. ಇದನ್ನ ಜೋಪಾನ ಮಾಡಬೇಕು" ಎಂದರು.

ಮೊದಮೊದಲು ಲತಾಮಣಿ ಹೂಂ, ಊಹೂಂ ಬಿಟ್ಟು ಬೇರೆ ಮಾತು ಆಡಲಿಲ್ಲ. ನಾಲ್ಕನೇ ಗುರುವಾರ ಆರನೇ ಪ್ರಶ್ನೆಯನ್ನು, ಅಂದರೆ 'ಮಗುವನ್ನು ಕಂಡಾಗ ತಮಗೆ ಏನನ್ನಿಸುತ್ತದೆ' ಎಂಬುದನ್ನು ಕೇಳಿದಾಗ ಆಕೆ ಬಾಗಿಲ ಕಡೆ ನೋಡಿ, ಅತ್ತೆ ಸೊಪ್ಪು ಕೊಯ್ಯಲು ಹೋಗಿರುವುದನ್ನು ಖಾತ್ರಿ ಮಾಡಿಕೊಂಡು ಹೇಳಿದಳು:

"ಮಗ ಅಳ್ತಿದ್ರೆ ಪಕ್ಕದ್ಮನೆ ಮಗ ಅಳ್ತೈತೆ ಅನ್ಸುತ್ತೆ ಕಣಕ್ಕ. ಎದ್ದೋಗಿ ಎತ್ಕೋತೀನಿ. ಹಾಲೂ ಕುಡುಸ್ತೀನಿ. ಆದ್ರೆ ಒಳಗೆ ಏನೂ ಆಗಕ್ಕಿಲ್ಲ. ನಾನೇನು ರಾಕ್ಷಸೀನಾ ಅಂತ ನಂಗೇ ಹೆದ್ರಿಕೆ."

ಭಾನುಪ್ರಿಯ ನಿಯಮದಂತೆ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. ಮೂರು ಅಂಕ ಹಾಕಿದಳು. ಆದರೆ ಎದ್ದು ಬರಬೇಕಾದವಳು ಬರಲಿಲ್ಲ. ಆ ದಿನ ಮಧ್ಯಾಹ್ನದ ಬಸ್ಸು ತಪ್ಪಿತೆಂದು ಆಕೆಯ ಪ್ರವಾಸ ದಿನಚರಿಯಲ್ಲಿದೆ. ಅದರ ಮುಂದಿನ ಗುರುವಾರವೂ ತಪ್ಪಿತು. ಅಲ್ಲಿಂದಾಚೆಗೆ ಅಕ್ಕೂರಿನ ಬಸ್ಸು ಪ್ರತಿ ಗುರುವಾರ ತಪ್ಪುತ್ತಿದ್ದುದನ್ನು ನಾನು ಗಮನಿಸಿದ್ದೆ. ಬಸ್ಸಿಗೆ ನಂಬರು ಹಾಕುವುದು ನನ್ನ ಕೆಲಸವಲ್ಲ.

ಆಗಸ್ಟ್ ಎರಡನೇ ಗುರುವಾರ ಲತಾಮಣಿ ಫಾರಮಿಗೆ ಸಹಿ ಹಾಕಬೇಕಿತ್ತು. ಕಂಕುಳಲ್ಲಿ ಮಗು. ಭಾನುಪ್ರಿಯ ಕೈ ಚಾಚಿ ಮಗುವನ್ನು ಎತ್ತಿಕೊಂಡಳು. ಏಳು ತಿಂಗಳ ಮಗು ಅವಳ ಮುಖವನ್ನು ಒಂದು ಕ್ಷಣ ಪರಿಶೀಲಿಸಿ, ಸಂಶೋಧನಾ ಫಾರಂ, ಲಕೋಟೆ ಮತ್ತು ಕೈಪಿಡಿಯ ಮೇಲೆ ಏಕಕಾಲಕ್ಕೆ ಉಚ್ಚೆ ಹೊಯ್ಯಿತು. ಲತಾಮಣಿ ಅದನ್ನು ನೋಡಿದಳು. ಆಮೇಲೆ ನಕ್ಕಳು. ನಗು ನಿಲ್ಲಲಿಲ್ಲ. ಹುಳದ ಮನೆಯಿಂದ ಸ್ವಾಮಿ ಓಡಿಬಂದ, ಹಿತ್ತಲಿನಿಂದ ಅತ್ತೆ ಓಡಿಬಂದರು. ಸೊಸೆ ಕಣ್ಣಲ್ಲಿ ನೀರು ಸುರಿಸಿಕೊಂಡು ನಗುತ್ತಿದ್ದಳು, ಮಗುವೂ ಅವಳನ್ನು ನೋಡಿ ನಗುತ್ತಿತ್ತು. ಏಳು ತಿಂಗಳಲ್ಲಿ ಅವರಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ದಿನದ ಅಂಕ ಹನ್ನೊಂದು. ಫಾರಂ ಕಚೇರಿಗೆ ಒದ್ದೆಯಾಗಿ ಬಂತು. ಕಿಟಕಿಯಲ್ಲಿ ಒಣಗಿಸಿ ನಂಬರು ಹಾಕಿದವನು ನಾನೇ.

ನಿರ್ದೇಶಕರು ತಲೆಯ ಮೇಲೆ ಕೈ ಹೊತ್ತು ಕುಳಿತರು. ನೋಡುವ ಗುಂಪಿನ ದುಃಖ ತನ್ನಷ್ಟಕ್ಕೆ ತಾನು ಇರಬೇಕಾದದ್ದು. ಅದು ಹೀಗೆ ಹೇಳದೆ ಕೇಳದೆ ಇಳಿದರೆ ಹೋಲಿಸುವುದು ಯಾವುದಕ್ಕೆ? ಅಂದೇ ನೋಟೀಸು ಸಿದ್ಧವಾಯಿತು:

"ನೋಡುವ ಗುಂಪಿನ ಸದಸ್ಯರಾದ ತಾವು, ಕೇಂದ್ರದ ಗಮನಕ್ಕೆ ತಾರದೆ, ತಮ್ಮ ದುಃಖವನ್ನು ಹದಿಮೂರು ಅಂಕಗಳಷ್ಟು ಕಡಿಮೆ ಮಾಡಿಕೊಂಡಿರುವುದು ಕಂಡುಬಂದಿರುತ್ತದೆ. ಇದು ದತ್ತಾಂಶ ಮಾಲಿನ್ಯವಾಗಿರುತ್ತದೆ. ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದೆಂಬ ಬಗ್ಗೆ ಏಳು ದಿನದೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ತಾವು ಸಂತೋಷವಾಗಿದ್ದೀರೆಂದೇ ಭಾವಿಸಿ ಮುಂದುವರಿಯಲಾಗುವುದು."

ಭಾನುಪ್ರಿಯಳಿಗೂ ಒಂದು ಮೆಮೊ ಹೋಯಿತು. ಮಗುವನ್ನು ಎತ್ತಿಕೊಂಡದ್ದು ಹಸ್ತಕ್ಷೇಪ. ಗುತ್ತಿಗೆಯನ್ನು ಏಕೆ ರದ್ದು ಮಾಡಬಾರದು?

ಅಕ್ಕೂರಿನಲ್ಲಿ ನೋಟೀಸನ್ನು ಸ್ವಾಮಿ ಜಗಲಿಯ ಮೇಲೆ ನಿಂತು ಜೋರಾಗಿ ಓದಿದನಂತೆ. ಓದಿ ಮುಗಿಸಿ, "ರೇಷನ್ ಕಾರ್ಡು ಕಿತ್ಕೋತಾರೇನೋ ಅವ್ವ" ಎಂದ.

"ನಗೋದ್ಕೂ ನೋಟೀಸು ಕೊಡ್ತಾರಾ?" ಎಂದರು ವೆಂಕಟಲಕ್ಷ್ಮಮ್ಮ. "ಅತ್ರೆ ಏನು ಕೊಡ್ತಾರಂತೆ?"

ಲತಾಮಣಿಗೆ ರೇಷನ್ ಕಾರ್ಡಿನ ಚಿಂತೆಯಿರಲಿಲ್ಲ. "ಭಾನಕ್ಕ ಇನ್ಮೇಲೆ ಬರಕ್ಕಿಲ್ವಾ?" ಎಂದು ಅವಳು ಮೂರು ಸಲ ಕೇಳಿದಳು. ಆ ಮಧ್ಯಾಹ್ನ ಹುಳಕ್ಕೆ ಸೊಪ್ಪು ಹಾಕಲು ಹೋದವಳು ಮತ್ತೆ ಸೊಪ್ಪು ಹಿಡಿದುಕೊಂಡೇ ನಿಂತಿದ್ದನ್ನು ಅತ್ತೆ ನೋಡಿದರು. ಸೊಸೆಯ ಕೈಯಿಂದ ಸೊಪ್ಪು ತೆಗೆದುಕೊಂಡು ತಾವೇ ಹಾಕಿ, "ನಾಳೆ ರಾಮನಗ್ರಕ್ಕೆ ಹೋಗವ, ಸೀರೆ ತಗುದಿಡು" ಎಂದರು.

ಮರುದಿನ ವಿಚಾರಣೆ. ನಡಾವಳಿ ಬರೆದುಕೊಂಡವನು ನಾನು. ಒಂದು ಕಡೆ ನಿರ್ದೇಶಕರು. ಎದುರಿಗೆ ಲತಾಮಣಿ, ಮಗು, ಸ್ವಾಮಿ, ಅತ್ತೆ. ಗೋಡೆಯ ಪಕ್ಕ ಭಾನುಪ್ರಿಯ. ಆಕೆಗೆ ಕುರ್ಚಿ ಹಾಕಿರಲಿಲ್ಲ.

"ನಗು ಬರಲು ಕಾರಣ?" ನಿರ್ದೇಶಕರು ಕೇಳಿದರು.

"ಮಗ ಉಚ್ಚೆ ಉಯ್ದ ಸಾರ್," ಎಂದಳು ಲತಾಮಣಿ.

"ಎಲ್ಲಿ?"

"ನಿಮ್ ಬುಕ್ಕಿನ ಮೇಲೆ ಸಾರ್."

ನಿರ್ದೇಶಕರು ನನ್ನ ಕಡೆ ತಿರುಗಿ, "ದ್ರವರೂಪದ ಬಾಹ್ಯ ಪ್ರಭಾವ ಅಂತ ಬರ್ಕೊಳಿ" ಎಂದರು. ಬರೆದುಕೊಂಡೆ.

"ನೋಡಮ್ಮ," ಅವರು ಮುಂದುವರಿಸಿದರು, "ನಿನ್ನ ಮೇಲೆ ನಮಗೇನೂ ಸಿಟ್ಟಿಲ್ಲ. ನಗೋ ಹಕ್ಕು ನಿನಗಿದೆ. ಅದನ್ನ ನಾನೇ ಕೈಪಿಡೀಲಿ ಬರೆದಿದ್ದೀನಿ. ಆದರೆ ಅಧ್ಯಯನ ಮುಗಿಯೋದು ಮುಂದಿನ ವರ್ಷ ನವೆಂಬರಿಗೆ. ಅಲ್ಲೀವರೆಗೂ ಇಪ್ಪತ್ನಾಲ್ಕು ಇರಬೇಕು. ನೀನು ವಾಪಸ್ ಹೋಗೋಕೆ ಆಗುತ್ತಾ?"

"ಎಲ್ಲಿಗೆ ಸಾರ್?"

"ಇಪ್ಪತ್ನಾಲ್ಕಕ್ಕೆ."

ಲತಾಮಣಿ ಮಗುವನ್ನು ಗಟ್ಟಿಯಾಗಿ ಅವುಚಿಕೊಂಡಳು. ಅವಳ ಮುಖ ನೋಡಿದರೆ ದಾರಿ ಅಷ್ಟೇನೂ ದೂರವಿರುವಂತೆ ಕಾಣಲಿಲ್ಲ. ಆಗ ವೆಂಕಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ನಿರ್ದೇಶಕರ ಮುಂದೆ ಎದ್ದು ನಿಂತರು.

"ಸ್ವಾಮೀ, ನಂಗೊಂದು ಮಾತು. ಇವಳ್ನೇ ಯಾಕ್ ಕೇಳ್ತೀರಿ? ನನ್ ಮಗ ಹುಟ್ಟಿದಾಗ ನಂಗೂ ಇಂಗೇ ಆಗಿತ್ತು."

ಸ್ವಾಮಿ ತಿರುಗಿ ತಾಯಿಯ ಮುಖ ನೋಡಿದ. ಅವನಿಗೆ ಮೂವತ್ತೊಂದು ವರ್ಷ. ಅವನು ಹುಟ್ಟಿದ್ದರ ಬಗ್ಗೆ ಈ ಮಾಹಿತಿ ಅವನಿಗೆ ಸಿಕ್ಕಿರಲಿಲ್ಲ.

"ಇವನು ಅತ್ರೆ ಕೊಟ್ಟಿಗೆಗೆ ಓಗಿ ನಿಂತ್ಕೋತಿದ್ದೆ, ಕಿವಿ ಮುಚ್ಕೊಂಡು. ನಮ್ಮತ್ತೆ ಸೋಮಾರಿ ಅಂತಿದ್ರು. ನಾನೂ ಹಂಗೇ ಅನ್ಕೊಂಡೆ. ಒಂದೂವರೆ ವರ್ಷ ಸ್ವಾಮೀ. ಯಾರೂ ಬುಕ್ಕು ತಕಂಡು ಬಂದು ಕೇಳ್ಲಿಲ್ಲ. ನಂಗ್ ಗೊತ್ತಿದ್ದೂ ಇವಳಿಗೆ ದೃಷ್ಟಿ ಆಗೈತೆ ಅಂದೆ." ಆಕೆ ಸೊಸೆಯ ಕಡೆ ತಿರುಗಲಿಲ್ಲ. ತಿರುಗದೆಯೇ ಅವಳ ಭುಜದ ಮೇಲೆ ಕೈಯಿಟ್ಟರು.

ಕೆಳಗೆ ರಸ್ತೆಯಲ್ಲಿ ಗೂಡಿನ ಮೂಟೆ ಇಳಿಸುವವರ ಗಲಾಟೆ ಕೇಳುತ್ತಿತ್ತು. ನಾನು ಪೆನ್ನು ಎತ್ತಿ ಹಿಡಿದುಕೊಂಡೇ ಇದ್ದೆ, ಇದನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂದು ನಿರ್ದೇಶಕರು ಹೇಳಲಿ ಎಂದು.

ಗೋಡೆಯ ಪಕ್ಕದಿಂದ ಭಾನುಪ್ರಿಯ ಹೇಳಿದಳು: "ಸಾರ್, ನಮ್ಮದು ಕುಟುಂಬ ಮನೋಸ್ವಾಸ್ಥ್ಯ. ತಾಯಿಯೊಬ್ಬಳನ್ನೇ ಅಳೆಯೋದು ಹಳೇ ಪದ್ಧತಿ ಅಂತ ತಾವೇ ಹೇಳಿದ್ದೀರಿ. ಇಡೀ ಮನೆಯದ್ದು ಒಟ್ಟು ಹಾಕಿದ್ರೆ ಇಪ್ಪತ್ನಾಲ್ಕು ಬರಬಹುದು."

ನಿರ್ದೇಶಕರ ಮುಖ ಅರಳಿತು. ಅಲ್ಲೇ ಮೂವರಿಗೂ ಪ್ರಶ್ನೆ ಕೇಳಲಾಯಿತು. ಲತಾಮಣಿ ಹನ್ನೊಂದು, ಅತ್ತೆ ಏಳು. ಸ್ವಾಮಿಗೆ ಮೊದಲು ಸೊನ್ನೆ ಬಂತು. ಹೆಂಡತಿ ಕಣ್ಣು ಬಿಟ್ಟು ನೋಡಿದ ಮೇಲೆ, ಮಗು ಹುಟ್ಟಿದಂದಿನಿಂದ ತನಗೆ ಎದೆ ಡವಡವ ಅನ್ನುವುದನ್ನೂ ಗ್ಯಾಸ್ ಮಾತ್ರೆಯನ್ನು ತಾನೇ ಕದ್ದು ನುಂಗುತ್ತಿದ್ದುದನ್ನೂ ಒಪ್ಪಿಕೊಂಡ. ಆರು. ಒಟ್ಟು ಇಪ್ಪತ್ನಾಲ್ಕು, ಸರಿಯಾಗಿ. ಪ್ರಶ್ನೆ ಅರ್ಥವಾಗದ ಕಾರಣ ಮಗುವನ್ನು ಕೈಬಿಡಲಾಯಿತು.

ಮುಚ್ಚಳಿಕೆ ಬರೆಸಿಕೊಂಡೆವು: "ನಾವು ಈ ಕೆಳಗೆ ಸಹಿ ಮಾಡಿದ ಕುಟುಂಬದವರು, ಅಧ್ಯಯನ ಮುಗಿಯುವವರೆಗೂ ಮನೆಯ ಒಟ್ಟು ದುಃಖವನ್ನು ಇಪ್ಪತ್ನಾಲ್ಕು ಅಂಕಕ್ಕಿಂತ ಕಡಿಮೆಯಾಗದಂತೆ ನಮ್ಮ ನಮ್ಮೊಳಗೆ ಹಂಚಿಕೊಂಡು ಕಾಪಾಡಿಕೊಂಡು ಬರುತ್ತೇವೆ." ಸ್ವಾಮಿ ಸಹಿ ಹಾಕಿ, "ಇಂಗೆ ಹಂಚ್ಕೊಂಡು ನಮಗೆ ಅಭ್ಯಾಸ ಇಲ್ಲ ಸಾರ್, ಒಸಿ ತಪ್ಪಾದ್ರೆ ಕ್ಷಮಿಸಿ" ಎಂದ. ಭಾನುಪ್ರಿಯಳ ಮೆಮೊ ವಾಪಸ್ಸಾಯಿತು.

ತೊಂದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗುರುವಾರ ಮೂವರೂ ಕೂತು ಒಬ್ಬರ ಮುಂದೆ ಒಬ್ಬರು ಹತ್ತು ಪ್ರಶ್ನೆಗೆ ಉತ್ತರ ಹೇಳತೊಡಗಿದಾಗ ಅನಾಹುತವಾಯಿತು. ಅತ್ತೆ ಹೇಳಿದ್ದನ್ನು ಸೊಸೆ ಕೇಳಿಸಿಕೊಂಡಳು. ಸೊಸೆ ಹೇಳಿದ್ದನ್ನು ಗಂಡ ಕೇಳಿಸಿಕೊಂಡ. ಬೆಳಗಿನ ಸೊಪ್ಪು ತಾನು ಕೊಯ್ಯುತ್ತೇನೆಂದು ಸ್ವಾಮಿ ಹೇಳಿದ. ಮಧ್ಯಾಹ್ನ ಎರಡು ಗಂಟೆ ಮಗು ತಮ್ಮದು, ನೀನು ಮಲಗು ಎಂದು ಅತ್ತೆ ಹೇಳಿದರು. ನವೆಂಬರಿನ ಹೊತ್ತಿಗೆ ಲತಾಮಣಿ ಎಂಟಕ್ಕೆ ಇಳಿದಳು, ಅತ್ತೆ ಐದಕ್ಕೆ, ಸ್ವಾಮಿ ಮೂರಕ್ಕೆ. ಹದಿನಾರು. ಮನೆಗೆ ಎಂಟು ಅಂಕ ದುಃಖ ಸಾಲದೇ ಬಂತು.

"ಏನಾರ ನೆಪ್ಪು ಮಾಡ್ಕೊಳೋ," ಎಂದು ವೆಂಕಟಲಕ್ಷ್ಮಮ್ಮ ಮಗನನ್ನು ಗದರಿದರು. "ಭಾನುಪ್ರಿಯನ ಕೆಲಸ ಹೋದ್ರೆ ಏನ್ ಮಾಡ್ತೀಯ?"

"ನೆಪ್ಪು ಮಾಡ್ಕೊಂಡ್ರೂ ಬರಕ್ಕಿಲ್ಲ ಕಣವ್ವ. ಹೇಳ್ಬುಟ್ಟಿದ್ದೀನಲ್ಲ, ಕಾಲಿ ಆಗೈತೆ."

ಆಗ ಭಾನುಪ್ರಿಯ ಕೈಪಿಡಿಯ ಇಪ್ಪತ್ತೇಳನೇ ಪುಟ ತೆಗೆದಳು. 'ಕುಟುಂಬವೆಂದರೆ ರಕ್ತಸಂಬಂಧವೆಂಬ ಕಲ್ಪನೆಯೇ ಪ್ರಶ್ನಾರ್ಹ' ಎಂದು ಅಲ್ಲಿ ನಿರ್ದೇಶಕರು ಬರೆದಿದ್ದರು. ಎದುರು ಮನೆಯ ಚಿನ್ನಮ್ಮನನ್ನು ಕರೆಯಲಾಯಿತು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಬೀದಿಯಲ್ಲಿ ಎಲ್ಲರ ಮೇಲೂ ಜಗಳಕ್ಕೆ ಬೀಳುವವಳೆಂದು ಹೆಸರಾದ ಹೆಂಗಸು. ಹತ್ತು ಪ್ರಶ್ನೆಗೆ ಹದಿನೆಂಟು ಅಂಕ ತಂದಳು. ಜೊತೆಗೆ ಒಂದು ಬಟ್ಟಲು ಹುಳಿಯನ್ನೂ ತಂದಿದ್ದಳು. ಫಾರಮಿನಲ್ಲಿ ನಾಲ್ಕನೇ ಸದಸ್ಯೆಯಾಗಿ ಆಕೆಯ ಹೆಸರು ಸೇರಿತು. ಕಚೇರಿಯಲ್ಲಿ ಇದನ್ನು ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನಾರ್ಹವೆಂದು ಮೊದಲೇ ಬರೆದಿತ್ತು.

ಡಿಸೆಂಬರಿನಲ್ಲಿ ನಿರ್ದೇಶಕರು ಅಕ್ಕೂರಿಗೆ ತಪಾಸಣೆಗೆ ಹೊರಟರು. ಜೀಪಿನಲ್ಲಿ ಕಡತ ಹಿಡಿದುಕೊಂಡು ನಾನೂ ಹೋದೆ. ದುರದೃಷ್ಟವಶಾತ್ ಚಿನ್ನಮ್ಮ ಆ ಗುರುವಾರ ತಮ್ಮನ ಮಗಳ ಮದುವೆಗೆ ಮಾಗಡಿಗೆ ಹೋಗಿದ್ದಳು. ಉಳಿದ ಮೂವರದ್ದು ಸೇರಿಸಿದರೆ ಹನ್ನೆರಡು.

ನಿರ್ದೇಶಕರು ಎರಡು ಸಲ ಕೂಡಿಸಿದರು. "ಇದು ಅರ್ಧಕ್ಕರ್ಧ ಕಮ್ಮಿ ಇದೆಯಲ್ಲಮ್ಮ ಭಾನುಪ್ರಿಯ! ಸೋಮವಾರ ಪರಿಶೀಲನಾ ಸಮಿತಿ ಬರ್ತಾ ಇದೆ. ಈ ವಾರದ ಕಾಲಂ ಖಾಲಿ ಬಿಡೋ ಹಾಗಿಲ್ಲ. ಈಗ ದುಃಖಕ್ಕೆ ಎಲ್ಲಿಗೆ ಹೋಗೋಣ?"

"ಸಾರ್, ಪುಟ ಹನ್ನೊಂದು," ಎಂದಳು ಭಾನುಪ್ರಿಯ.

"ಏನಿದೆ ಹನ್ನೊಂದರಲ್ಲಿ?"

"'ಸಂಶೋಧಕನೂ ತಾನು ಸಂಶೋಧಿಸುವ ಕುಟುಂಬದ ಒಳಗೇ ಇದ್ದಾನೆ.' ತಾವೇ ಬರೆದಿದ್ದು."

ನಿರ್ದೇಶಕರು ಪುಟ ತೆಗೆದು ನೋಡಿದರು. ಇತ್ತು. ಸ್ವಾಮಿ ಜಗಲಿಯ ಮೇಲೆ ಚಾಪೆ ಹಾಸಿದ. ನಿರ್ದೇಶಕರು ಶೂ ಬಿಚ್ಚಿ ಕುಳಿತರು. ಭಾನುಪ್ರಿಯ ಮುಖದಲ್ಲಿ ಏನನ್ನೂ ತೋರಿಸದೆ ಒಂದನೇ ಪ್ರಶ್ನೆ ಕೇಳಿದಳು: "ಕಳೆದ ಏಳು ದಿನಗಳಲ್ಲಿ ತಾವು ಮನೆಯವರೊಂದಿಗೆ ಎಷ್ಟು ಬಾರಿ ಮನಬಿಚ್ಚಿ ಮಾತಾಡಿದ್ದೀರಿ?"

"ವಿಮರ್ಶಾತ್ಮಕವಾಗಿ ನೋಡಿದರೆ..." ಎಂದು ಶುರುಮಾಡಿದ ನಿರ್ದೇಶಕರು ಅಲ್ಲೇ ನಿಲ್ಲಿಸಿದರು. ಸ್ವಲ್ಪ ಹೊತ್ತು ತಮ್ಮ ಸಾಕ್ಸನ್ನು ನೋಡಿಕೊಂಡರು.

"ಮಗಳಿದ್ದಾಳೆ," ಎಂದರು. "ಪಿಯುಸಿ ಎರಡನೇ ವರ್ಷ. ಜೂನಿಂದ ಕಾಲೇಜಿಗೆ ಹೋಗ್ತಿಲ್ಲ. ರೂಮಿನ ಬಾಗಿಲು ಹಾಕ್ಕೊಂಡಿರ್ತಾಳೆ. ನಾನು ಊಟದ ತಟ್ಟೆ ಬಾಗಿಲ ಹತ್ರ ಇಟ್ಟು ಆಫೀಸಿಗೆ ಬರ್ತೀನಿ."

ವೆಂಕಟಲಕ್ಷ್ಮಮ್ಮ ಕೇಳಿದರು: "ತಟ್ಟೆ ಕಾಲಿಯಾಗಿ ಬತ್ತದಾ ಸ್ವಾಮೀ?"

"ಅರ್ಧ."

"ಅರ್ಧ ತಿಂತಾಳೆ ಅಂದ್ರೆ ಇಟ್ಟಿದ್ದು ನೀವು ಅಂತ ಗೊತ್ತೈತೆ ಬುಡಿ. ಇಟ್ಬುಟ್ಟು ಓಡ್ಬರ್ಬ್ಯಾಡಿ. ಅಲ್ಲೇ ಬಾಗ್ಲಲ್ಲಿ ಕೂತ್ಕಳಿ ಒಸಿ ಹೊತ್ತು."

"ಕೂತು ಏನ್ ಮಾತಾಡ್ಲಿ ಅಮ್ಮ?"

"ಏನೂ ಬ್ಯಾಡ. ಕೂತ್ಕಳಿ."

ಹತ್ತು ಪ್ರಶ್ನೆ ಮುಗಿಯಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಲತಾಮಣಿ ಎರಡು ಸಲ ಕಾಫಿ ತಂದಳು. ಅಕ್ಕೂರಿಗೆ ಬೇಕಿದ್ದದ್ದು ಹನ್ನೆರಡು ಅಂಕ, ನಿರ್ದೇಶಕರೊಬ್ಬರಲ್ಲೇ ಇಪ್ಪತ್ತೊಂದು ಸಿಕ್ಕಿತು. ಹೆಚ್ಚುವರಿ ಒಂಬತ್ತನ್ನು ಮುಂದಿನ ವಾರಗಳ ತುರ್ತಿಗೆಂದು ಕಾಯ್ದಿರಿಸಲಾಯಿತು. ಐದನೇ ಸದಸ್ಯರಾಗಿ ಅವರು ಸಹಿ ಮಾಡಿದರು. ಪಕ್ಕದಲ್ಲೇ ಪರಿಶೀಲಿಸಿದವರ ಸಹಿಯನ್ನೂ ಅವರೇ ಮಾಡಿದರು.

ಸೋಮವಾರ ಪರಿಶೀಲನಾ ಸಮಿತಿಯ ಮೂವರು ಬಂದು ಫಾರಂಗಳನ್ನು ತಿರುವಿ ಹಾಕಿದರು. ನೋಡುವ ಗುಂಪಿನಲ್ಲಿ ದುಃಖವು ಆರು ತಿಂಗಳಿನಿಂದ ಇಪ್ಪತ್ನಾಲ್ಕರಿಂದ ಇಳಿಯದೆ ಸ್ಥಿರವಾಗಿ ನಿಂತಿರುವುದನ್ನು ಕಂಡು ಹರ್ಷ ವ್ಯಕ್ತಪಡಿಸಿದರು. ಬರೀ ಪ್ರಶ್ನೆ ಕೇಳುವುದರಿಂದ, ಕೂತು ಕೇಳಿಸಿಕೊಳ್ಳುವುದರಿಂದ ಕುಟುಂಬದ ದುಃಖದ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ ಎಂಬುದು ಇದರಿಂದ ಸಾಬೀತಾಗಿರುವುದಾಗಿ ವರದಿಯಲ್ಲಿ ದಾಖಲಿಸಿದರು. ಅಧ್ಯಯನವನ್ನು ಇನ್ನೂ ಮೂರು ವರ್ಷ ವಿಸ್ತರಿಸಲು ಶಿಫಾರಸು ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಭಾನುಪ್ರಿಯಳ ಗುತ್ತಿಗೆಯೂ ಮೂರು ವರ್ಷ ಮುಂದುವರಿಯಿತು.

ಆಗಿನಿಂದ ನಿರ್ದೇಶಕರು ಪ್ರತಿ ಗುರುವಾರ ಅಕ್ಕೂರಿಗೆ ತಪಾಸಣೆಗೆ ಹೋಗುತ್ತಾರೆ. ಸಂಜೆಯ ಹೊತ್ತಿಗೆ ಕಚೇರಿಗೆ ಮರಳಿದಾಗ ಅವರ ಅಂಗಿಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಚೂರುಗಳಿರುತ್ತವೆ. ಅವರ ಅಂಕ ವಾರದಿಂದ ವಾರಕ್ಕೆ ಇಳಿಯುತ್ತಿರುವ ಕಾರಣ ಅಕ್ಕೂರಿನ ಇನ್ನೂ ಎರಡು ಮನೆಯವರನ್ನು ಕುಟುಂಬಕ್ಕೆ ಸೇರಿಸಿಕೊಳ್ಳಲು ಸುತ್ತೋಲೆ ಹೊರಡಿಸಿದ್ದೇವೆ. ಸೇರುವವರ ಪಟ್ಟಿ ಉದ್ದವಿದೆ. ಕೆಲವರು ತಮ್ಮ ಅಂಕ ಜಾಸ್ತಿ ಎಂದು ಶಿಫಾರಸು ಪತ್ರವನ್ನೂ ತಂದಿದ್ದಾರೆ.

ಫೆಬ್ರವರಿ ಮೊದಲ ಗುರುವಾರ ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬ ಹುಡುಗಿ ಕುಳಿತಿದ್ದಳು. ಕಿವಿಗೆ ಇಯರ್‌ಫೋನ್, ಮುಖ ಕಿಟಕಿಯ ಕಡೆ. ಅಕ್ಕೂರಿನಲ್ಲಿ ಎಲ್ಲರೂ ಇಳಿದರೂ ಅವಳು ಇಳಿಯಲಿಲ್ಲ, ಯಾರೂ ಇಳಿ ಎನ್ನಲೂ ಇಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಜೀಪಿನ ಬಾಗಿಲು ತೆರೆದ ಸದ್ದಾಯಿತು. ಜಗಲಿಯ ಹತ್ತಿರ ಬಂದು ನಿಂತು, ಅಪ್ಪನನ್ನು ನೋಡದೆ, "ಹುಳ ನೋಡಬಹುದಾ?" ಎಂದು ಲತಾಮಣಿಯನ್ನು ಕೇಳಿದಳು. ಲತಾಮಣಿ ಮಗುವನ್ನು ಅವಳ ಕೈಗೆ ಕೊಟ್ಟು, "ಬಾ" ಎಂದು ಹುಳದ ಮನೆಯ ಕಡೆ ನಡೆದಳು.

ನಿರ್ದೇಶಕರು ಕಡತ ಹಿಡಿದುಕೊಂಡು ಹುಳದ ಮನೆಯ ಬಾಗಿಲನ್ನೇ ನೋಡುತ್ತಾ ಕೂತುಬಿಟ್ಟರು. ನಾನೇ ಫಾರಂ ತೆಗೆದುಕೊಂಡು ಆರನೇ ಸದಸ್ಯೆಯ ಹೆಸರು ಸೇರಿಸಿದೆ. ಅಂಕ: ಕೇಳಬೇಕಾಗಿದೆ. ಕುಟುಂಬದೊಂದಿಗಿನ ಸಂಬಂಧ: ತಪಾಸಣೆಯ ಮೇರೆಗೆ.